ಹಾಲು ಕರೆಯುವ ಹೊತ್ತಿಗೆ ಘಟ್ಟದ ಮೇಲಿರಬೇಕು

ಆಲ್ಪ್ಸ್‌ನಲ್ಲಿ ಸೈಕಲ್ ತುಳಿಯಲು ಬರುವವರು ಸಾಮಾನ್ಯವಾಗಿ ದಿನವನ್ನು ಘಟ್ಟಗಳ ಲೆಕ್ಕದಲ್ಲಿ ಕಟ್ಟುತ್ತಾರೆ. ಇಂದು ಈ ನೆತ್ತಿ, ನಾಳೆ ಆ ನೆತ್ತಿ, ಒಟ್ಟು ಏರಿಕೆ ಇಷ್ಟು ಸಾವಿರ ಮೀಟರ್. ಫ್ರಾನ್ಸಿನ ಸವೋಯ್ ಪ್ರಾಂತದ ಬೋಫೋರ್ತ್ಯಾಂ ಸೀಮೆಗೆ ಗೆಳೆಯರನ್ನು ಕರೆದುಕೊಂಡು ಹೋಗುವಾಗ ನಾನು ಆ ಲೆಕ್ಕವನ್ನು ಪಕ್ಕಕ್ಕಿಡುತ್ತೇನೆ. ಅಲ್ಲಿ ದಿನವನ್ನು ನಡೆಸುವುದು ಹಸುಗಳು. ಬೆಳಗಿನ ಜಾವ ಒಮ್ಮೆ, ಮಧ್ಯಾಹ್ನ ಇಳಿದ ಮೇಲೆ ಒಮ್ಮೆ ಹಾಲು ಕರೆಯುತ್ತಾರೆ. ಎರಡೂ ಸಲ ಹಾಲು ಬೆಚ್ಚಗಿರುವಾಗಲೇ ಚೀಸ್ ಕೆಲಸ ಶುರುವಾಗುತ್ತದೆ. ಹತ್ತು ಗಂಟೆಗೆ ಕಾಫಿ ಕುಡಿದು ಹೊರಟವನಿಗೆ ಸಿಗುವುದು ತೊಳೆದಿಟ್ಟ ತಾಮ್ರದ ಹಂಡೆ, ಮುಚ್ಚಿದ ಬಾಗಿಲು, ತಲೆಯ ಮೇಲೆ ಕಪ್ಪಾಗುತ್ತಿರುವ ಮೋಡ.

ಬೋಫೋರ್ ಎಂಬ ಚೀಸ್ ಈ ಸೀಮೆಯದು. ಇದನ್ನು ಗಾಲಿಯಾಕಾರದ ದೊಡ್ಡ ಬಿಲ್ಲೆಗಳಾಗಿ ಮಾಡುತ್ತಾರೆ, ಅವನ್ನು ಗಾಲಿ ಎಂದೇ ಕರೆಯುವುದು. ಒಂದು ಗಾಲಿಯ ಸರಾಸರಿ ತೂಕ 40 ಕಿಲೋ. ಒಂದು ಕಿಲೋ ಚೀಸಿಗೆ ಹತ್ತು ಲೀಟರಿನಷ್ಟು ಹಾಲು ಬೇಕು. ಅಂದರೆ ಒಂದು ಗಾಲಿಯಲ್ಲಿ ಸುಮಾರು 400 ಲೀಟರ್ ಹಾಲು ಕುಳಿತಿರುತ್ತದೆ. ಹಾಲು ಕೊಡುವುದಕ್ಕೆ ಎರಡು ತಳಿಗಳಿಗೆ ಮಾತ್ರ ಅನುಮತಿ: ಕಣ್ಣಿಗೆ ಕಾಡಿಗೆ ತೀಡಿದಂತಿರುವ ಕಂದು ಬಣ್ಣದ ತಾರೀನ್, ಬಿಳಿ ಮುಖದಲ್ಲಿ ಕಣ್ಣಿನ ಸುತ್ತ ಮಾತ್ರ ಕೆಂಗಂದು ಮಚ್ಚೆಯಿರುವ ಆಬೋಂದಾನ್ಸ್. 1968ರಲ್ಲಿ ಈ ಹೆಸರಿಗೆ ಕಾನೂನಿನ ರಕ್ಷಣೆ ಸಿಕ್ಕಿತು. ಅದರ ನಿಯಮಗಳಲ್ಲಿ ನನಗೆ ಅತ್ಯಂತ ಇಷ್ಟವಾದದ್ದು, ಹಿಂಡಿನ ಒಂದು ಹಸುವಿನಿಂದ ವರ್ಷಕ್ಕೆ ಸರಾಸರಿ 5000 ಕಿಲೋಗಿಂತ ಹೆಚ್ಚು ಹಾಲು ಕರೆಯಬಾರದು ಎಂಬುದು. ಸೈಲೇಜ್, ಅಂದರೆ ಗಾಳಿಯಾಡದಂತೆ ಮುಚ್ಚಿ ಹುಳಿ ಬರಿಸಿದ ಹಸಿ ಮೇವೂ ನಿಷಿದ್ಧ. ಹೆಚ್ಚು ಕರೆದವನಿಗೆ ಬಹುಮಾನ ಕೊಡುವ ಊರಿನಿಂದ ಬಂದ ನನಗೆ, ಕಡಿಮೆ ಕರೆಯಿರಿ ಎಂದು ರೈತರೇ ತಮಗೆ ತಾವು ಕಟ್ಟು ಹಾಕಿಕೊಂಡಿರುವುದು ಮೊದಲು ನಂಬಲಾಗದ ಸಂಗತಿಯಾಗಿತ್ತು.

ನಾನು ಹಾಸನದ ಕಡೆಯ ಹಳ್ಳಿಯವನು. ಹಾಲಿನ ಸಂಘದ ಮುಂದೆ ಕ್ಯಾನ್ ಹಿಡಿದು ಸಾಲಿನಲ್ಲಿ ನಿಂತು ಬೆಳೆದವನು. ಈಗ ಗ್ರೆನೋಬ್ಲ್‌ನಲ್ಲಿ ಕೆಲಸ. ಬೇಸಿಗೆಯಲ್ಲಿ ಬೆಂಗಳೂರಿನಿಂದಲೋ ಜರ್ಮನಿಯಿಂದಲೋ ಸೈಕಲ್ ಹುಚ್ಚಿನ ನಾಲ್ಕಾರು ಮಂದಿ ಬಂದರೆ ಅವರನ್ನು ಈ ದಾರಿಯಲ್ಲಿ ಕರೆದೊಯ್ಯುತ್ತೇನೆ. ಬೆಂಗಳೂರಿನವರು ನಂದಿ ಬೆಟ್ಟದಲ್ಲಿ ಪಳಗಿ ಬರುತ್ತಾರೆ. ಒಳ್ಳೆಯದೇ, ಆದರೆ ನಂದಿ ಸುಮಾರು ಎಂಟು ಕಿಲೋಮೀಟರಿನಲ್ಲಿ ಮುಗಿದುಹೋಗುತ್ತದೆ. ಬೋಫೋರ್ ಊರಿನಿಂದ ಕೋಲ್ ದ್ಯು ಪ್ರೆ ನೆತ್ತಿಗೆ 12.6 ಕಿಲೋಮೀಟರ್, ಅಷ್ಟುದ್ದಕ್ಕೂ ಸರಾಸರಿ 7.7 ಶೇಕಡಾ ಏರು. ಅದಕ್ಕೇ ನಾನು ಎಲ್ಲರಿಗೂ ಮುಂಚೆಯೇ ಹೇಳುವುದು: ಎರಡು ಸಲ ನಂದಿ ಹತ್ತಿ, ನಡುವೆ ಇಡ್ಲಿಗೆಂದು ನಿಲ್ಲಬೇಡಿ. ಗೇರಿನ ವಿಷಯದಲ್ಲಿ ಮಾನ ಮರ್ಯಾದೆ ಬೇಡ. ಮುಂದಿನ ಹಲ್ಲುಚಕ್ರಕ್ಕೆ 34 ಹಲ್ಲು, ಹಿಂದಿನದಕ್ಕೂ 34 ಹಲ್ಲು, ಅಷ್ಟು ಹಗುರದ ಗೇರು ಇರಲಿ. ಮಂಡಿ ನಿಮ್ಮದು, ಅಂಗಡಿಯವನದಲ್ಲ.

ದಾರಿ ಹೀಗಿದೆ. ಆಲ್ಬರ್ವಿಲ್‌ವರೆಗೆ ರೈಲು. 1992ರ ಚಳಿಗಾಲದ ಒಲಿಂಪಿಕ್ಸ್ ನಡೆದ ಊರು. ಸೈಕಲ್ಲಿನವನಿಗೆ ಅಲ್ಲಿ ನೀರು ತುಂಬಿಕೊಳ್ಳುವುದು ಬಿಟ್ಟರೆ ಹೆಚ್ಚಿನ ಕೆಲಸವಿಲ್ಲ. ಅಲ್ಲಿಂದ ಡೋರೋನ್ ಹೊಳೆಯ ಪಕ್ಕದಲ್ಲಿ ಸುಮಾರು 20 ಕಿಲೋಮೀಟರ್ ಮೆಲ್ಲಗೆ ಏರಿದರೆ ಬೋಫೋರ್ ಊರು. ಊರಿನಲ್ಲಿರುವ ಸಹಕಾರಿ ಚೀಸ್ ಕಾರ್ಖಾನೆಗೆ ಮೊದಲ ಮಧ್ಯಾಹ್ನವೇ ಹೋಗಬೇಕು. 1961ರಲ್ಲಿ, ಅಣೆಕಟ್ಟಿನ ಕೂಲಿಗೂ ಪಟ್ಟಣದ ನೌಕರಿಗೂ ಜನ ಹೊರಟುಹೋಗಿ ಕೊಟ್ಟಿಗೆಗಳು ಬರಿದಾಗುತ್ತಿದ್ದ ಕಾಲದಲ್ಲಿ, ಇಲ್ಲಿನ ರೈತರು ಕೂಡಿ ಕಟ್ಟಿದ ಸಂಘ ಇದು. ಗಾಜಿನಾಚೆ ನೆಲಮಾಳಿಗೆ, ಸ್ಪ್ರೂಸ್ ಮರದ ಹಲಗೆಗಳ ಮೇಲೆ ಗಾಲಿಗಳ ಸಾಲು ಕಣ್ಣಿಗೆ ನಿಲುಕದಷ್ಟು ದೂರ ಹೋಗುತ್ತದೆ. ಕನಿಷ್ಠ ಐದು ತಿಂಗಳು ಅವು ಅಲ್ಲೇ ತಣ್ಣಗೆ, ತೇವದಲ್ಲಿ, ಆಗಾಗ ಉಪ್ಪು ಉಜ್ಜಿಸಿಕೊಂಡು ಮಗುಚಿಸಿಕೊಳ್ಳುತ್ತಾ ಇರಬೇಕು. ಮೊದಲು ಇದನ್ನು ನೋಡಿದರೆ ಮರುದಿನ ಬೆಟ್ಟದ ಮೇಲೆ ಕಾಣುವುದು ಬೇಗ ತಲೆಗೆ ಹತ್ತುತ್ತದೆ.

ರಾತ್ರಿ ಬೋಫೋರ್‌ನಲ್ಲಿ ನಿಲ್ಲದೆ ಇನ್ನೂ ಮೇಲಿನ ಆರೆಶ್ ಊರಿಗೆ ಹೋಗಿ ಮಲಗುವುದು ನನ್ನ ಕ್ರಮ. ಆರೆಶ್ ಸುಮಾರು 1080 ಮೀಟರ್ ಎತ್ತರದಲ್ಲಿದೆ. ಘಟ್ಟದ ಮೂರನೇ ಒಂದು ಭಾಗ ಹಿಂದಿನ ದಿನವೇ ಕಾಲಿನಿಂದ ಇಳಿದಿರುತ್ತದೆ. ಬೆಳಕು ಹರಿಯುವ ಮುನ್ನ ದೀಪ ಹಚ್ಚಿಕೊಂಡು ಹೊರಟರೆ ಬೂದ್ಯಾಂ ಎಂಬ ಹಳ್ಳಿ ಬರುವಷ್ಟರಲ್ಲಿ ಬಿಸಿಲು ಎದುರು ಬೆಟ್ಟದ ತಲೆ ಮುಟ್ಟುತ್ತದೆ. ಇಳಿಜಾರಿನಲ್ಲಿ ಮೆಟ್ಟಿಲು ಮೆಟ್ಟಿಲಾಗಿ ಕೂತ ಮರದ ಮನೆಗಳು, ಒಂದರ ಬಿಸಿಲಿಗೆ ಇನ್ನೊಂದು ಅಡ್ಡ ಬಾರದಂತೆ ಕಟ್ಟಿದವು. ಆದರೆ ಅವನ್ನು ಮೆಚ್ಚುವ ಸ್ಥಿತಿಯಲ್ಲಿ ಯಾರೂ ಇರುವುದಿಲ್ಲ, ಯಾಕೆಂದರೆ ಅಲ್ಲೇ ರಸ್ತೆ ಹತ್ತು ಶೇಕಡಾ ದಾಟುತ್ತದೆ. ಮುಂದಿನ ಒಂದು ಕಿಲೋಮೀಟರ್ ಎಷ್ಟು ಕಡಿದು ಎಂದು ತಿಳಿಸುವ ಕಲ್ಲುಗಳನ್ನು ಫ್ರೆಂಚರು ದಾರಿಯುದ್ದಕ್ಕೂ ನೆಟ್ಟಿದ್ದಾರೆ. ಕೆಲವರಿಗೆ ಇದು ಧೈರ್ಯ ಕೊಡುತ್ತದಂತೆ. ನಾನು ಓದುವುದಿಲ್ಲ.

1703 ಮೀಟರಿನ ನೆತ್ತಿ ದಾಟಿದ ಕೂಡಲೇ ಕೆಳಗೆ ರೋಸ್‌ಲಾಂ ಸರೋವರ ಹರಡಿಕೊಳ್ಳುತ್ತದೆ. ರಸ್ತೆ ಇಳಿದು ಅಣೆಕಟ್ಟಿನ ಮೇಲೆಯೇ ಹಾದುಹೋಗುತ್ತದೆ. 1960ರ ಸುಮಾರಿಗೆ ನೀರು ನಿಂತಾಗ ರೋಸ್‌ಲಾಂ ಎಂಬ ಹಳ್ಳಿಯೂ ಅದರ ಹುಲ್ಲುಗಾವಲುಗಳೂ ಮುಳುಗಿದವು. ದಡದಲ್ಲಿ ಹಳೆಯ ಚರ್ಚಿನ ಪ್ರತಿರೂಪವಾಗಿ ಒಂದು ಪುಟ್ಟ ಚರ್ಚು ಕಟ್ಟಿಸಿದ್ದಾರೆ. ಲಿಂಗನಮಕ್ಕಿ, ಹೇಮಾವತಿಗಳ ಕಥೆ ಕೇಳಿ ಬೆಳೆದ ಗೆಳೆಯರಿಗೆ ಇಲ್ಲಿ ಹೆಚ್ಚು ವಿವರಣೆ ಕೊಡಬೇಕಾಗುವುದಿಲ್ಲ.

ಸರೋವರದಿಂದ ಮೇಲೆ, 1968 ಮೀಟರಿನ ಕೋರ್ಮೆ ದ ರೋಸ್‌ಲಾಂ ನೆತ್ತಿಯ ಕಡೆಗೆ ಹೋಗುವಾಗ ಮರಗಳು ಮುಗಿದು ಬರೀ ಹುಲ್ಲು. ಹಸುಗಳು ಜೂನ್‌ನಲ್ಲಿ ಹಂತ ಹಂತವಾಗಿ, ಹುಲ್ಲು ಚಿಗುರಿದಂತೆ ಮೇಲೇರುತ್ತವೆ. ಚಳಿ ಬಿದ್ದಂತೆ ಹಾಗೆಯೇ ಇಳಿಯುತ್ತವೆ. ಹಾಲು ಕರೆಯುವ ಯಂತ್ರವನ್ನೇ ಗಾಡಿಗೆ ಕಟ್ಟಿ ಹಸುಗಳಿದ್ದಲ್ಲಿಗೆ ಎಳೆದೊಯ್ಯುತ್ತಾರೆ. 1500 ಮೀಟರಿಗಿಂತ ಮೇಲೆ, ಒಂದೇ ಹಿಂಡಿನ ಹಾಲಿನಿಂದ, ದಿನಕ್ಕೆ ಎರಡು ಸಲ ಅಲ್ಲಿಯೇ ಮಾಡಿದ ಚೀಸಿಗೆ ಮಾತ್ರ ಷಾಲೆ ದಾಲ್ಪಾಜ್, ಅಂದರೆ ಬೆಟ್ಟದ ಹುಲ್ಲುಗಾವಲಿನ ಮನೆ, ಎಂಬ ಪಟ್ಟ. ನೋಡಬೇಕಾದದ್ದು ಅದನ್ನು. ಎಲ್ಲ ಚೀಸ್‌ಮನೆಗಳೂ ಹೊರಗಿನವರನ್ನು ಬಿಟ್ಟುಕೊಳ್ಳುವುದಿಲ್ಲ. ಪ್ರವಾಸಿ ಕಚೇರಿಯ ಮೂಲಕ ಹಿಂದಿನ ದಿನವೇ ಕೇಳಿಟ್ಟುಕೊಳ್ಳುತ್ತೇನೆ, ಹೋದಾಗ ಬಾಗಿಲಲ್ಲಿ ನಿಂತು ಮೊದಲು 'ಬೋಂಜೂರ್' ಹೇಳುತ್ತೇನೆ. ಈ ಒಂದು ಪದ ಬಿಟ್ಟು ಮಾತು ಶುರುಮಾಡಿದವನ ಜೊತೆ ಬೆಟ್ಟದ ಜನ ಮಾತು ಮುಂದುವರಿಸುವುದಿಲ್ಲ.

ಒಳಗೆ ಹಬೆ. ಹಂಡೆಯಲ್ಲಿ ಹಾಲು ಹೆಪ್ಪಾಗಿ, ಅದನ್ನು ತಂತಿಯ ಕತ್ತಿಯಿಂದ ಜೋಳದ ಕಾಳಿನಷ್ಟಾಗಿ ಕತ್ತರಿಸಿ, 54 ಡಿಗ್ರಿಯವರೆಗೆ ಕಾಯಿಸುತ್ತಾ ತಿರುವುತ್ತಿರುತ್ತಾರೆ. ತಾಪಮಾಪಕ ಪಕ್ಕದಲ್ಲೇ ಇರುತ್ತದೆ. ಆದರೂ ಚೀಸ್ ಮಾಡುವವನು ಮೊಣಕೈವರೆಗೆ ಕೈ ಇಳಿಸಿ ಒಂದು ಮುಷ್ಟಿ ಕಾಳು ಎತ್ತಿ ಹಿಂಡುತ್ತಾನೆ. ಮುಷ್ಟಿ ಬಿಚ್ಚಿದಾಗ ಉಂಡೆ ನಿಂತು, ಹೆಬ್ಬೆರಳಿನಿಂದ ತಿಕ್ಕಿದರೆ ಮತ್ತೆ ಕಾಳು ಕಾಳಾಗಿ ಉದುರಬೇಕು. ಉದುರದಿದ್ದರೆ ಇನ್ನೂ ಸ್ವಲ್ಪ ತಿರುವಬೇಕು. ಆಮೇಲೆ ಬಾಗುವ ಉಕ್ಕಿನ ಪಟ್ಟಿಗೆ ನಾರಿನ ಬಟ್ಟೆಯ ಅಂಚನ್ನು ಸುತ್ತಿ, ಆ ಪಟ್ಟಿಯನ್ನು ಹಂಡೆಯ ತಳದ ಬಾಗಿಗೆ ಒತ್ತಿ ಆಚೆಯಿಂದ ಈಚೆಗೆ ತರುತ್ತಾನೆ. ಬಟ್ಟೆಯ ತುದಿಯನ್ನು ಹಲ್ಲಿನಲ್ಲಿ ಕಚ್ಚಿ ಹಿಡಿದದ್ದನ್ನೂ ನೋಡಿದ್ದೇನೆ. ಗಂಟು ಮೇಲೆದ್ದಾಗ ತಿಳಿನೀರು ಜಲಪಾತದ ಹಾಗೆ ಸುರಿಯುತ್ತದೆ. ಗಂಟನ್ನು ಬೀಚ್ ಮರದ ಬಳೆಯೊಳಗೆ ಕೂರಿಸಿ ಒತ್ತುತ್ತಾರೆ. ಆ ಬಳೆಯ ಒಳಮೈ ಉಬ್ಬಿರುವುದರಿಂದ ಬೋಫೋರ್ ಗಾಲಿಯ ಅಂಚು ಒಳಗೆ ಬಾಗಿರುತ್ತದೆ. ಹೇಸರಗತ್ತೆಯ ಬೆನ್ನ ಮೇಲೆ ಹಗ್ಗ ಜಾರದಂತೆ ಕಟ್ಟಲು ಈ ಆಕಾರ ಅನುಕೂಲವಾಗಿತ್ತು ಎಂದು ಬೆಟ್ಟದವರು ಹೇಳುತ್ತಾರೆ.

ಇಲ್ಲಿ ಸಸ್ಯಾಹಾರಿಗಳಿಗೆ ಒಂದು ಮಾತು, ಇದನ್ನು ನಾನು ಟಿಕೆಟ್ ತೆಗೆಸುವ ಮುಂಚೆಯೇ ಹೇಳುತ್ತೇನೆ. ಈ ಹಾಲು ಹೆಪ್ಪಾಗುವುದು ಕರುವಿನ ಜಠರದಿಂದ ತೆಗೆದ ರೆನ್ನೆಟ್‌ನಿಂದ. ಬೋಫೋರ್‌ನಲ್ಲಿ ಇದಕ್ಕೆ ಪರ್ಯಾಯವಿಲ್ಲ. ತಿನ್ನುವುದು ಬಿಡುವುದು ಅವರವರಿಗೆ ಬಿಟ್ಟದ್ದು, ಆದರೆ ಹಂಡೆಯ ಮುಂದೆ ನಿಂತಾಗ ತಿಳಿದು ಮುಖ ಕಪ್ಪಾಗಬಾರದು. ಒಬ್ಬ ಗೆಳೆಯರು ಎಲ್ಲವನ್ನೂ ಆಸಕ್ತಿಯಿಂದ ನೋಡಿ, ವಾಸನೆಯನ್ನೂ ಎಳೆದುಕೊಂಡು, ಹೊರಗೆ ಬಂದು ತಮ್ಮ ಒಗ್ಗರಣೆ ಅವಲಕ್ಕಿ ಬಿಚ್ಚಿದರು. ಚೀಸ್ ಮಾಡುವವರ ಹೆಂಡತಿ ಅದರಲ್ಲಿ ಒಂದು ಹಿಡಿ ಕೇಳಿ ತಿಂದು, ಕಡಲೆಬೀಜ ಇನ್ನೂ ಇರಬಹುದಿತ್ತು ಎಂದರು. ಹೋಟೆಲುಗಳಲ್ಲಿ ಆಲೂಗಡ್ಡೆ, ಸೂಪು, ಬ್ರೆಡ್ಡು ಧಾರಾಳ. ಕ್ರೋಜೆ ಎಂಬ ಚೌಕಾಕಾರದ ಪುಟ್ಟ ಪಾಸ್ತಾದಲ್ಲಿ ಮೊಟ್ಟೆ ಇರುವುದುಂಟು, ಕೇಳಿಯೇ ತಿನ್ನಬೇಕು.

ಹಸುಗಳ ಜೊತೆ ರಸ್ತೆ ಹಂಚಿಕೊಳ್ಳುವುದು ನಮಗೆ ಕಷ್ಟವಲ್ಲ. ಇಳಿಜಾರಿನಲ್ಲಿ ಐವತ್ತರ ವೇಗದಲ್ಲಿ ಬರುವಾಗ ತಿರುವಿನಾಚೆ ಅವು ಮಲಗಿರುತ್ತವೆ ಎಂಬುದನ್ನು ನೆನಪಿಟ್ಟರೆ ಸಾಕು. ಗಂಟೆಯ ಸದ್ದು ಕೇಳಿದರೆ ಬ್ರೇಕಿಗೆ ಕೈ ಹೋಗಬೇಕು. ಕುರಿ ಕಾಯುವ ಬಿಳಿ ದೊಡ್ಡ ನಾಯಿಗಳ ವಿಷಯ ಬೇರೆ. ಅವು ಓಡಿ ಬಂದರೆ ವೇಗ ಹೆಚ್ಚಿಸಬಾರದು. ಸೈಕಲ್ಲಿನಿಂದ ಇಳಿದು, ಸೈಕಲ್ಲನ್ನು ನಡುವೆ ಅಡ್ಡ ಇಟ್ಟುಕೊಂಡು, ಶಾಂತವಾಗಿ ಮಾತನಾಡುತ್ತಾ ಹಿಂಡನ್ನು ಸುತ್ತಿ ನಡೆಯಬೇಕು. ಕನ್ನಡದಲ್ಲಿ ಮಾತನಾಡಿದರೂ ಆಗುತ್ತದೆ. ತೆಗೆದ ಬೇಲಿ ಮತ್ತೆ ಹಾಕಬೇಕು, ಹಸು ಮುಟ್ಟಬಾರದು.

ಈ ಮುಟ್ಟಬಾರದು ಎಂಬುದಕ್ಕೆ 2025ರ ಬಳಿಕ ತೂಕ ಹೆಚ್ಚಿದೆ. ಆ ವರ್ಷದ ಜೂನ್ ಕೊನೆಯಲ್ಲಿ ಸವೋಯ್‌ನಲ್ಲಿ ಚರ್ಮಗಂಟು ರೋಗ ಕಾಣಿಸಿಕೊಂಡಿತು. ಜುಲೈನಲ್ಲಿ ಟೂರ್ ದ ಫ್ರಾನ್ಸ್‌ನ 19ನೇ ಹಂತ ಇದೇ ಸೀಮೆಯ ಕೋಲ್ ದೆ ಸೆಜಿ ಹತ್ತಬೇಕಿತ್ತು. ಆ ಘಟ್ಟದ ಮೇಲಿನ ಹಿಂಡಿಗೆ ರೋಗ ತಗಲಿದ್ದರಿಂದ ಹಂತವನ್ನೇ ಮೊಟಕುಗೊಳಿಸಿ ದಾರಿ ಬದಲಿಸಿದರು. ಜಗತ್ತಿನ ದೊಡ್ಡ ಸೈಕಲ್ ಸ್ಪರ್ಧೆ ಹಸುಗಳಿಗೆ ದಾರಿ ಬಿಟ್ಟಿತು ಎಂದು ಫೋನಿನಲ್ಲಿ ಹೇಳಿದಾಗ ಊರಿನಲ್ಲಿ ಅಣ್ಣನಿಗೆ ಆಶ್ಚರ್ಯವಾಗಲಿಲ್ಲ. 2022ರಲ್ಲಿ ಅದೇ ರೋಗ ನಮ್ಮ ಕಡೆಯ ಕೊಟ್ಟಿಗೆಗಳಿಗೆ ನುಗ್ಗಿದ್ದನ್ನು ಅವನು ಕಂಡಿದ್ದಾನೆ. ಹೊರಡುವ ಮುನ್ನ ಈಗ ನಾನು ಹವಾಮಾನದ ಜೊತೆಗೆ ಪಶುರೋಗದ ನಿರ್ಬಂಧಗಳನ್ನೂ ನೋಡುತ್ತೇನೆ.

ಮಧ್ಯಾಹ್ನದ ಗುಡುಗು ಜುಲೈ, ಆಗಸ್ಟ್‌ನಲ್ಲಿ ದಿನಚರಿಯ ಭಾಗ. ಹನ್ನೆರಡರೊಳಗೆ ಕೋರ್ಮೆ ದಾಟಿ ಇಳಿಯಲು ತೊಡಗಿರಬೇಕು. ಪ್ರತಿ ನೂರು ಮೀಟರಿಗೆ ಅರ್ಧ ಡಿಗ್ರಿಗಿಂತ ಹೆಚ್ಚು ತಂಪು ಏರುವುದರಿಂದ, ಆಲ್ಬರ್ವಿಲ್‌ನಲ್ಲಿ ಬೆವರಿಳಿಸುವ ದಿನ ನೆತ್ತಿಯ ಮೇಲೆ ಹತ್ತು ಡಿಗ್ರಿ ಕಡಿಮೆ ಇರುತ್ತದೆ. ಜೊತೆಗೆ ಒದ್ದೆ ಬನಿಯನ್ನು, ಎದುರು ಗಾಳಿ. ಪೂರ್ತಿ ಬೆರಳಿನ ಕೈಗವಸು, ತೆಳು ಗಾಳಿತಡೆ ಅಂಗಿ ಚೀಲದ ಮೇಲ್ಭಾಗದಲ್ಲೇ ಇರಲಿ. ಮೇ ಕೊನೆಯವರೆಗೂ ಹಿಮದಿಂದ ಈ ರಸ್ತೆ ಮುಚ್ಚಿರುವುದುಂಟು. ನನ್ನ ಆಯ್ಕೆ ಸೆಪ್ಟೆಂಬರ್: ವಾಹನ ಕಡಿಮೆ, ಗುಡುಗು ಕಡಿಮೆ, ಹಸುಗಳು ಇನ್ನೂ ಮೇಲೆಯೇ ಇರುತ್ತವೆ. ಬ್ಯಾಟರಿ ಸೈಕಲ್ ತರುವವರನ್ನು ನಾನು ಹೀಗಳೆಯುವುದಿಲ್ಲ. ಅವರೇ ಮುಂದೆ ಹೋಗಿ ಚೀಸ್‌ಮನೆಯ ಬಾಗಿಲು ತಟ್ಟುತ್ತಾರೆ.

ಖರೀದಿ ಕೊನೆಗೆ. ಬೆಟ್ಟದ ಮೇಲೆ ರುಚಿ ನೋಡಿ ಒಂದು ತುಂಡು ಕೊಂಡರೆ ಸಾಕು, ಅದಕ್ಕೆ ನಗದು ಇಟ್ಟುಕೊಂಡಿರಬೇಕು. ಮನೆಗೆ ಬೇಕಾದದ್ದನ್ನು ಇಳಿದ ಮೇಲೆ ಬೂರ್ ಸ್ಯಾಂ ಮೋರಿಸ್‌ನ ಸಹಕಾರಿ ಅಂಗಡಿಯಲ್ಲಿ ಗಾಳಿ ತೆಗೆದು ಪೊಟ್ಟಣ ಕಟ್ಟಿಸಿಕೊಳ್ಳಬಹುದು. ಅದೇ ಊರಿನಿಂದ ಪ್ರಾದೇಶಿಕ ರೈಲು ಆಲ್ಬರ್ವಿಲ್‌ಗೆ ಹಿಂದಿರುಗುತ್ತದೆ. ಸೈಕಲ್ ತೂಗುಹಾಕುವ ಕೊಕ್ಕೆಗಳು ಬೋಗಿಯಲ್ಲಿ ಕೆಲವೇ ಇರುತ್ತವೆ. ಚೀಲಗಳನ್ನು ಪ್ಲಾಟ್‌ಫಾರ್ಮಿನಲ್ಲೇ ಕಳಚಿಟ್ಟುಕೊಂಡು ಬಾಗಿಲು ತೆರೆಯುವ ಮುಂಚೆಯೇ ಸಿದ್ಧರಾಗಿ ನಿಲ್ಲಿ.