ಭೂಕಂಪವನ್ನು ನಾನು ಕಲಿತದ್ದು ಹೀಗೆ

ಭೂಮಿಯ ಒಳಗೆಲ್ಲ ಕಾದ ಲಾವಾ ಇದೆ, ಅದರ ಮೇಲೆ ಭೂಫಲಕಗಳು, ಅಂದರೆ ಭೂಮಿಯ ಹೊರಗಿನ ಗಟ್ಟಿ ಪದರದ ಭಾರಿ ತುಂಡುಗಳು, ತೆಪ್ಪದ ಹಾಗೆ ತೇಲುತ್ತವೆ. ಬಹಳ ವರ್ಷ ನಾನು ಹೀಗೇ ನಂಬಿದ್ದೆ. ಓದಿದ ಪುಸ್ತಕದ ಚಿತ್ರದಲ್ಲಿ ನೆಲದ ಕೆಳಗೆಲ್ಲ ಕೆಂಪು ಬಣ್ಣ ಬಳಿದಿದ್ದರು. ಕೆಂಪು ಅಂದರೆ ಬಿಸಿ, ಬಿಸಿ ಅಂದರೆ ಕರಗಿದ್ದು, ಅಷ್ಟೇ ಅಲ್ವಾ? ಈ ತಪ್ಪು ಸರಿಹೋಗಿದ್ದು ನಾನೇ ಕೂತು ಅಲೆಗಳ ಲೆಕ್ಕ ಮಾಡಿದಾಗ.

ಆದರೆ ಶುರು ಮಾಡಿದ್ದು ಒಂದು ಮರದ ತುಂಡಿನಿಂದ. ಭೂಕಂಪದ ಪಾಠಗಳನ್ನು ಹುಡುಕಿದರೆ ಈ ಪ್ರಯೋಗ ಹಲವು ಕಡೆ ಸಿಗುತ್ತದೆ. ಮೇಜಿನ ಮೇಲೆ ಸ್ಯಾಂಡ್ ಪೇಪರ್ ಹಾಸಿದೆ. ತುಂಡಿನ ತಳಕ್ಕೂ ಅದನ್ನೇ ಅಂಟಿಸಿದೆ. ತುಂಡಿಗೆ ರಬ್ಬರ್ ಬ್ಯಾಂಡ್ ಕಟ್ಟಿ, ಪಕ್ಕದಲ್ಲಿ ಅಳತೆ ಟೇಪು ಇಟ್ಟು, ಮೆಲ್ಲಗೆ ಎಳೆದೆ. ರಬ್ಬರ್ ಉದ್ದವಾಗುತ್ತಾ ಹೋಗುತ್ತದೆ, ತುಂಡು ಅಲ್ಲಾಡುವುದಿಲ್ಲ. ಇದ್ದಕ್ಕಿದ್ದಂತೆ ಟಕ್ ಅಂತ ಜಿಗಿಯುತ್ತದೆ. ನಾನು ಎಳೆದದ್ದು ಒಂದೇ ಹದದಲ್ಲಿ. ತುಂಡು ಜಿಗಿದದ್ದು ಒಮ್ಮೆ ಅರ್ಧ ಸೆಂಟಿಮೀಟರ್, ಇನ್ನೊಮ್ಮೆ ನಾಲ್ಕು. ಮುಂದಿನ ಜಿಗಿತ ಯಾವಾಗ, ಎಷ್ಟು ದೊಡ್ಡದು ಅಂತ ಊಹಿಸಲು ನೋಡಿದೆ. ಐವತ್ತು ಸಲ ಎಳೆದರೂ ಆಗಲಿಲ್ಲ.

ಫಲಕಗಳು ವರ್ಷಕ್ಕೆ ಕೆಲವೇ ಸೆಂಟಿಮೀಟರ್ ಸರಿಯುತ್ತವೆ, ಉಗುರು ಬೆಳೆದಷ್ಟು ನಿಧಾನ. ಅಂಚುಗಳು ಮಾತ್ರ ಕಚ್ಚಿಕೊಂಡು ನಿಂತಿರುತ್ತವೆ. ಪಕ್ಕದ ಕಲ್ಲು ರಬ್ಬರಿನ ಹಾಗೆ ಬಾಗಿ, ತಾಳಲಾರದೆ ಜಾರುತ್ತದೆ. 1906ರ ಸ್ಯಾನ್ ಫ್ರಾನ್ಸಿಸ್ಕೊ ಭೂಕಂಪದಲ್ಲಿ ಬೇಲಿಗಳು ತುಂಡಾಗಿ ಮೀಟರುಗಟ್ಟಲೆ ಪಕ್ಕಕ್ಕೆ ಸರಿದಿದ್ದವು. ಅಲ್ಲಿನ ನೆಲದ ಅಳತೆಗಳನ್ನು ಹಿಡಿದು ವಿಜ್ಞಾನಿ ಹ್ಯಾರಿ ಫೀಲ್ಡಿಂಗ್ ರೀಡ್ ವಿವರಿಸಿದ್ದು ಇದನ್ನೇ. ಭೂಕಂಪ ಆಗುವ ದಿನ, ಗಂಟೆ ಹೇಳುತ್ತೇವೆ ಎನ್ನುವವರ ಮಾತಿಗೆ ನಾನು ಆಮೇಲೆ ಕಿವಿಗೊಡಲಿಲ್ಲ.

ಭೂಕಂಪದಿಂದ ಹೊರಡುವ ಅಲೆಗಳನ್ನು ಕಲಿತದ್ದು ಸ್ಲಿಂಕಿ ಸ್ಪ್ರಿಂಗಿನಲ್ಲಿ. ತುದಿ ಹಿಡಿದು ಮುಂದಕ್ಕೆ ತಳ್ಳಿದರೆ ಪಿ ಅಲೆ, ಪಕ್ಕಕ್ಕೆ ಕೊಡವಿದರೆ ಎಸ್ ಅಲೆ. ಭೂಮಿಯ ಮೇಲ್ಪದರದಲ್ಲಿ ಪಿ ಅಲೆ ಸೆಕೆಂಡಿಗೆ ಸುಮಾರು 6 ಕಿ.ಮೀ. ಓಡುತ್ತದೆ, ಎಸ್ ಅಲೆ ಸುಮಾರು 3.5 ಕಿ.ಮೀ. ಮಿಂಚು ಕಂಡ ಮೇಲೆ ಗುಡುಗಿಗೆ ಎಣಿಸುತ್ತೇವಲ್ಲ, ಹಾಗೇ ಇದೂ. ಹತ್ತಿರದ ಭೂಕಂಪವಾದರೆ ಎರಡೂ ಅಲೆಗಳ ನಡುವಿನ ಸೆಕೆಂಡುಗಳನ್ನು 8ರಿಂದ ಗುಣಿಸಿದರೆ ಸಾಕು, ದೂರ ಸುಮಾರಾಗಿ ಸಿಗುತ್ತದೆ.

ಮೂರು ಮಾಪನ ಕೇಂದ್ರಗಳ ಸೀಸ್ಮೋಗ್ರಾಮ್, ಅಂದರೆ ನಡುಕವನ್ನು ಗೆರೆಯಾಗಿ ತೋರಿಸುವ ಹಾಳೆ, ಪ್ರಿಂಟ್ ಹಾಕಿಕೊಂಡು, ಸ್ಕೇಲ್ ಇಟ್ಟು ಅಳೆದು, ನಕ್ಷೆಯ ಮೇಲೆ ಒಂದೊಂದು ಕೇಂದ್ರದ ಸುತ್ತ ಅದರ ದೂರಕ್ಕೆ ತಕ್ಕಂತೆ ಕೈವಾರದಲ್ಲಿ ಮೂರು ವೃತ್ತ ಎಳೆದೆ. ಭೂಕಂಪ ಆದ ಜಾಗದಲ್ಲಿ ಮೂರೂ ಸೇರಬೇಕಿತ್ತು, ಸೇರಲಿಲ್ಲ. ನಡುವೆ ಒಂದು ತ್ರಿಕೋನ ಉಳಿಯಿತು. ಮತ್ತೆ ಒಂದೊಂದೇ ಹಾಳೆ ನೋಡಿದೆ. ಎರಡನೆಯದರಲ್ಲಿ ಎಸ್ ಅಲೆಯ ಶುರುವನ್ನು ತಡವಾಗಿ ಗುರುತಿಸಿದ್ದೆ. ಪಿ ಅಲೆಯ ನಡುಕ ಇನ್ನೂ ನಿಂತಿರುವುದಿಲ್ಲ, ಅದರೊಳಗೇ ಎಸ್ ಅಲೆಯ ಮೊದಲ ಏರು ಸೇರಿಕೊಂಡಿರುತ್ತದೆ. ಗೆರೆ ದಪ್ಪವಾಗಿ, ಅಗಲವಾಗಿ ತೂಗಲು ಶುರುವಾಗುವ ಜಾಗವನ್ನು ಹುಡುಕಬೇಕು. ಸರಿಪಡಿಸಿದ ಮೇಲೆ ತ್ರಿಕೋನ ಬೆರಳ ತುದಿಯಷ್ಟಾಯಿತು. ಎಷ್ಟು ಖುಷಿಯಾಯಿತು ಅಂದರೆ, ಆ ಹಾಳೆಗಳನ್ನು ಇವತ್ತಿಗೂ ಇಟ್ಟುಕೊಂಡಿದ್ದೇನೆ.

ಕೆಂಪು ಬಣ್ಣದ ತಪ್ಪು ಕಳಚಿದ್ದು ಇಲ್ಲೇ. ಎಸ್ ಅಲೆ ದ್ರವದಲ್ಲಿ ಹೋಗುವುದಿಲ್ಲ. ನೀರನ್ನು ಪಕ್ಕಕ್ಕೆ ಸರಿಸಿದರೆ ಅದು ಸ್ಪ್ರಿಂಗಿನ ಹಾಗೆ ಮೊದಲಿನ ಆಕಾರಕ್ಕೆ ಎಳೆದುಕೊಳ್ಳುವುದಿಲ್ಲವಲ್ಲ. ಆದರೆ ಎಸ್ ಅಲೆ ಸುಮಾರು 2,900 ಕಿ.ಮೀ. ಆಳದವರೆಗೂ, ಹೊರಪದರದ ಕೆಳಗಿನ ದಪ್ಪ ಪದರವಾದ ಮ್ಯಾಂಟಲ್ ಒಳಗೆ ಹಾದುಬರುತ್ತದೆ. ಅಂದ ಮೇಲೆ ಮ್ಯಾಂಟಲ್ ಗಟ್ಟಿ ಕಲ್ಲೇ ಆಗಿರಬೇಕು. ಬಿಸಿಗೆ, ಒತ್ತಡಕ್ಕೆ ಲಕ್ಷಾಂತರ ವರ್ಷಗಳಲ್ಲಿ ಮೆಲ್ಲಗೆ ಹರಿಯುವ ಕಲ್ಲು. ದ್ರವ ಇರುವುದು ಅದರ ಕೆಳಗೆ, ಹೊರ ತಿರುಳಿನಲ್ಲಿ. ಎಸ್ ಅಲೆ ಅಲ್ಲಿಗೆ ನಿಲ್ಲುತ್ತದೆ.

ನಕ್ಷೆಗಳಲ್ಲಿ ನನಗೆ ಜಾಸ್ತಿ ಕಲಿಸಿದ್ದು ಭೂಕಂಪಗಳನ್ನು ತೋರಿಸುವ ಜಾಲತಾಣ ಐರಿಸ್ ಅರ್ಥ್‌ಕ್ವೇಕ್ ಬ್ರೌಸರ್. ಅದು ಭೂಕಂಪಗಳಿಗೆ ಆಳಕ್ಕೆ ತಕ್ಕ ಬಣ್ಣ ಕೊಡುತ್ತದೆ. ಪೆಸಿಫಿಕ್ ಸಾಗರದ ತಳದಲ್ಲಿರುವ ಟೋಂಗಾ ಕಂದಕದ ಹತ್ತಿರ ಚುಕ್ಕಿಗಳೆಲ್ಲ ಮೇಲ್ಮೈ ಬಳಿಯವು. ಪಶ್ಚಿಮಕ್ಕೆ, ಫಿಜಿಯ ಕಡೆ ಹೋದಂತೆ ಆಳ ಹೆಚ್ಚುತ್ತಾ ಸುಮಾರು 700 ಕಿ.ಮೀ. ಮುಟ್ಟುತ್ತದೆ. ಮೂರು ಆಯಾಮದ ನೋಟಕ್ಕೆ ಹಾಕಿ ಪಕ್ಕಕ್ಕೆ ತಿರುಗಿಸಿದಾಗ ಚುಕ್ಕಿಗಳು ಇಳಿಜಾರು ಹಲಗೆಯ ಹಾಗೆ ಸಾಲಾಗಿ ನಿಂತವು. ಪೆಸಿಫಿಕ್ ಫಲಕ ಕೆಳಗೆ ತೂರುತ್ತಿರುವುದನ್ನು ಯಾರ ವಿವರಣೆಯೂ ಇಲ್ಲದೆ ಕಂಡೆ. ಸುಮ್ನೆ ನೋಡುತ್ತಾ ಕೂತುಬಿಟ್ಟೆ.

ಸುನಾಮಿಗೆ ಬಂದಾಗ ನನ್ನ ಪ್ರಶ್ನೆ ಒಂದೇ: ಸಮುದ್ರದಡಿಯ ದೊಡ್ಡ ಭೂಕಂಪಗಳಲ್ಲಿ ಕೆಲವು ಮಾತ್ರ ಏಕೆ ದೊಡ್ಡ ಸುನಾಮಿ ಎಬ್ಬಿಸುತ್ತವೆ? ಸುಮಾತ್ರಾ ಬಳಿಯ ಎರಡು ಭೂಕಂಪಗಳನ್ನು ಪಕ್ಕಪಕ್ಕ ಇಟ್ಟು ನೋಡಿದೆ. 2004ರ ಡಿಸೆಂಬರ್ 26ರದು 9.1 ತೀವ್ರತೆಯದು. 2012ರ ಏಪ್ರಿಲ್ 11ರದು 8.6, ಅದೂ ಭಾರಿಯೇ. ಆದರೆ 2012ರಲ್ಲಿ ಎದ್ದದ್ದು ಸಣ್ಣ ಅಲೆಗಳು. ಅಂಕಿಯಲ್ಲಿ ಅರ್ಧ ಹೆಚ್ಚಾದರೆ ಶಕ್ತಿ ಐದಾರು ಪಟ್ಟು ಹೆಚ್ಚುತ್ತದೆ, ನಿಜ. ಆದರೆ ಮುಖ್ಯ ಕಾರಣ ಬೇರೆ. 2012ರಲ್ಲಿ ಕಲ್ಲು ಪಕ್ಕಕ್ಕೆ ಜಾರಿತು. 2004ರಲ್ಲಿ ಸಮುದ್ರದ ತಳವೇ ಮೇಲೆದ್ದು ತನ್ನ ಮೇಲಿನ ನೀರನ್ನೆಲ್ಲ ಎತ್ತಿತು.

ಆಮೇಲೆ ವೇಗ. ಮೀಟರಿನಲ್ಲಿರುವ ಆಳವನ್ನು 9.8ರಿಂದ ಗುಣಿಸಿ ವರ್ಗಮೂಲ ತೆಗೆದರೆ ಸೆಕೆಂಡಿಗೆ ಎಷ್ಟು ಮೀಟರ್ ಅಂತ ಸಿಗುತ್ತದೆ, ಅದನ್ನು 3.6ರಿಂದ ಗುಣಿಸಿದರೆ ಗಂಟೆಗೆ ಎಷ್ಟು ಕಿ.ಮೀ. ಅಂತ, ಅಷ್ಟೇ. 4,000 ಮೀಟರ್ ಆಳದಲ್ಲಿ ಗಂಟೆಗೆ ಸುಮಾರು 710 ಕಿ.ಮೀ. ಬಂತು. ನಿಜವೋ ಅಂತ 1960ರ ಚಿಲಿ ಭೂಕಂಪವನ್ನು ತೆಗೆದುಕೊಂಡೆ. ಅಲ್ಲಿಂದ ಹವಾಯಿಯ ಹಿಲೊಗೆ ಸುಮಾರು 10,600 ಕಿ.ಮೀ., ಸುನಾಮಿ ತಲುಪಿದ್ದು ಸುಮಾರು 15 ಗಂಟೆಯಲ್ಲಿ. ಲೆಕ್ಕ ಕೂಡಿ ಬಂದಾಗ ಮೈ ಜುಮ್ಮೆಂದಿತು.

ದಡದ ಬಳಿ 10 ಮೀಟರ್ ಆಳಕ್ಕೆ ಅದೇ ಲೆಕ್ಕ ಹಾಕಿದೆ. ಗಂಟೆಗೆ ಸುಮಾರು 36 ಕಿ.ಮೀ. ಅಲೆ ಕಂಡ ಮೇಲೆ ಓಡಿ ಗೆಲ್ಲುವಂಥದ್ದಲ್ಲ. ಸುಮಾತ್ರಾ ಪಕ್ಕದ ಸಿಮೆಲು ದ್ವೀಪದವರಿಗೆ ಇದು ಗೊತ್ತಿತ್ತು. 1907ರ ಸುನಾಮಿಯ ಕತೆಯನ್ನು ಹಿರಿಯರು ಮಕ್ಕಳಿಗೆ ಹೇಳುತ್ತಾ ಬಂದಿದ್ದರು. ಸುನಾಮಿಯನ್ನು ಅವರು ಸ್ಮಾಂಗ್ ಅನ್ನುತ್ತಾರೆ. ನೆಲ ಜೋರಾಗಿ ನಡುಗಿತು, ಕಡಲು ಹಿಂದೆ ಸರಿಯಿತು ಅಂದರೆ ಗುಡ್ಡ ಹತ್ತು. 2004ರಲ್ಲಿ ಅವರು ಹತ್ತಿದರು. ಭೂಕಂಪದ ಕೇಂದ್ರಕ್ಕೆ ಅಷ್ಟು ಹತ್ತಿರವಿದ್ದ, ಹತ್ತಾರು ಸಾವಿರ ಜನರ ದ್ವೀಪದಲ್ಲಿ ತೀರಿಕೊಂಡವರು 7 ಜನ.

ಈಗ ದಿನಾ ಬೆಳಗ್ಗೆ ಅಮೆರಿಕದ ಭೂವಿಜ್ಞಾನ ಸಂಸ್ಥೆ ಯುಎಸ್‌ಜಿಎಸ್‌ನ ನಕ್ಷೆ ತೆರೆಯುತ್ತೇನೆ. ಚುಕ್ಕಿಯನ್ನು ಒತ್ತುವ ಮೊದಲು ಆಳ ಎಷ್ಟಿರಬಹುದು ಅಂತ ಹಾಳೆಯಲ್ಲಿ ಬರೆದುಕೊಳ್ಳುತ್ತೇನೆ. ಅಟ್ಲಾಂಟಿಕ್ ಸಾಗರದ ತಳದ ನಡುವೆ ಹಾದ ಬೆಟ್ಟಸಾಲಿನಲ್ಲಿ ಊಹೆ ತಪ್ಪುವುದಿಲ್ಲ, ಅಲ್ಲಿ ಎಲ್ಲವೂ ಮೇಲ್ಮೈ ಹತ್ತಿರವೇ. ಫಿಜಿಯ ಕಡೆ ಇನ್ನೂ ನೂರಾರು ಕಿ.ಮೀ. ಆಚೀಚೆ ಆಗುತ್ತದೆ.