ಹ್ಯಾಕ್ಸಾ ಬ್ಲೇಡಿನಿಂದ ಬೀಗದ ಪಿಕ್ ಮಾಡಿದ್ದು: ನನ್ನ ಅನುಭವ

ನನ್ನ ಹತ್ತಿರ ಐದು ಪಿನ್ನಿನ ಒಂದು ಹಳೆಯ ಬೀಗ ಇದೆ. ಈಗ ಅದು ಯಾವ ಬಾಗಿಲಿಗೂ ಇಲ್ಲ, ಅಭ್ಯಾಸಕ್ಕೆ ಮಾತ್ರ. ಕೊಂಡು ತಂದ ಪಿಕ್ (ಕೀಲಿ ಇಲ್ಲದೆ ಬೀಗದೊಳಗಿನ ಪಿನ್ ಎತ್ತುವ ತೆಳು ಕೊಕ್ಕೆ) ಹಿಡಿದು ಎರಡು ತಿಂಗಳು ಒದ್ದಾಡಿದರೂ ಅದು ತೆರೆಯಲಿಲ್ಲ. ಕೊನೆಗೆ ತೆರೆದದ್ದು ನಾನೇ ಅರ ಹಿಡಿದು ಉಜ್ಜಿ ಮಾಡಿದ ಪಿಕ್‌ನಿಂದ.

ಶುರು ಮಾಡೋ ಮುಂಚೆ, ಕೀಲಿ ಇಲ್ಲದೆ ಬೀಗ ತೆರೆಯುವ ಈ ಹವ್ಯಾಸದವರೆಲ್ಲ ಪಾಲಿಸುವ ಎರಡು ನಿಯಮ ಹೇಳಿಬಿಡುತ್ತೇನೆ. ನಮ್ಮದಲ್ಲದ ಬೀಗಕ್ಕೆ ಕೈ ಹಾಕಬಾರದು. ನಮ್ಮದೇ ಆದರೂ ಬಳಕೆಯಲ್ಲಿರುವ ಬೀಗವನ್ನು ಮುಟ್ಟಬಾರದು. ಎರಡನೆಯದನ್ನು ಜಾಸ್ತಿ ಜನ ಹಗುರವಾಗಿ ತಗೊಳ್ತಾರೆ. ಆದರೆ ಪಿಕ್‌ನ ತುದಿ ಒಳಗೆ ಮುರಿದು ಕೂತರೆ ಆಮೇಲೆ ಕೀಲಿಯೂ ಒಳಗೆ ಹೋಗುವುದಿಲ್ಲ. ಇನ್ನು, ಪಿಕ್ ಇಟ್ಟುಕೊಳ್ಳುವುದರ ಬಗ್ಗೆ ಒಂದೊಂದು ದೇಶದಲ್ಲಿ ಒಂದೊಂದು ಕಾನೂನು ಇದೆ. ಮಾಡುವ ಮೊದಲೇ ನಿಮ್ಮಲ್ಲಿ ಏನಿದೆ ಅಂತ ನೋಡಿಕೊಳ್ಳಿ.

ಪಿಕ್ ಮಾಡೋದಕ್ಕೆ ನಾನು ಆರಿಸಿದ್ದು ಹ್ಯಾಕ್ಸಾ ಬ್ಲೇಡ್, ಅಂದರೆ ಲೋಹ ಕೊಯ್ಯುವ ಗರಗಸದ ಬ್ಲೇಡ್. ಅದರ ದಪ್ಪ ಸುಮಾರು 0.6 ಮಿ.ಮೀ. ಪಿಕ್‌ಗೆ ಅದು ಸ್ವಲ್ಪ ದಪ್ಪವೇ, ಆದರೆ ಉಜ್ಜಿ ತೆಳು ಮಾಡಿಕೊಳ್ಳಬಹುದು. ಮೊದಲನೆಯ ಬ್ಲೇಡ್ ತುದಿಯಿಂದ ಬುಡದವರೆಗೂ ಗಟ್ಟಿ ಮಾಡಿದ್ದು. ಕೊಕ್ಕೆಯ ಆಕಾರ ಚೆನ್ನಾಗಿಯೇ ಬಂತು. ಬೀಗದೊಳಗೆ ಸ್ವಲ್ಪ ಒತ್ತಿದ್ದೇ ತಡ, ಟಿಕ್ ಅಂತ ಮುರಿಯಿತು. ತುದಿಯನ್ನು ಹೊರಗೆ ತೆಗೆಯೋಕೆ ಒಂದು ಸಂಜೆ ಹೋಯಿತು. ಆಮೇಲೆ ಹಲ್ಲು ಮಾತ್ರ ಗಟ್ಟಿ ಇದ್ದು, ಬೆನ್ನು ಬಾಗುವಂಥ ಕಾರ್ಬನ್ ಸ್ಟೀಲ್ ಬ್ಲೇಡ್ ತಂದೆ.

ಎರಡನೆಯದು ಕೆಟ್ಟಿದ್ದು ಬಿಸಿಯಿಂದ. ಗ್ರೈಂಡರ್‌ಗೆ ಹಿಡಿದಾಗ ತುದಿ ಕ್ಷಣದಲ್ಲಿ ಕಾಯುತ್ತದೆ. ಸುಮಾರು 220 ಡಿಗ್ರಿ ಸೆಲ್ಸಿಯಸ್‌ನಲ್ಲಿ ಉಕ್ಕಿನ ಮೇಲೆ ಹುಲ್ಲಿನ ಹಳದಿ ಬಣ್ಣ ಬರುತ್ತದೆ, 300ರ ಹತ್ತಿರ ನೀಲಿ. ಅದನ್ನೂ ದಾಟಿ ಬೂದು ಬಣ್ಣಕ್ಕೆ ಹೋಯಿತು ಅಂದರೆ ಹದ ಹೋಯಿತು ಅಂತಲೇ. ನನ್ನ ಪಿಕ್ ಬೂದಾಗಿತ್ತು. ಬೀಗದೊಳಗೆ ಅದು ತಂತಿಯ ಹಾಗೆ ಬಾಗಿತು, ಮತ್ತೆ ನೆಟ್ಟಗಾಗಲೇ ಇಲ್ಲ.

ಮೂರನೆಯದಕ್ಕೆ ಪಕ್ಕದಲ್ಲೇ ಒಂದು ಡಬ್ಬಿ ನೀರು ಇಟ್ಟುಕೊಂಡೆ. ಎರಡು ಸೆಕೆಂಡ್ ಹಿಡಿಯೋದು, ನೀರಿಗೆ ಅದ್ದೋದು, ಮತ್ತೆ ಹಿಡಿಯೋದು. ಗ್ಲವ್ಸ್ ಹಾಕಲಿಲ್ಲ. ತಿರುಗುವ ಕಲ್ಲಿಗೆ ಗ್ಲವ್ಸ್ ಸಿಕ್ಕಿಕೊಂಡರೆ ಬೆರಳೇ ಹೋಗುತ್ತದೆ. ಅಲ್ಲದೆ ಬರಿಗೈಯಾದರೆ ಬಿಸಿ ಏರುವುದು ಬೆರಳಿಗೆ ಮೊದಲೇ ಗೊತ್ತಾಗುತ್ತದೆ. ಕಣ್ಣಿಗೆ ಕನ್ನಡಕ ಮಾತ್ರ ತಪ್ಪಿಸಬೇಡಿ. ಮೊದಲು ಹಲ್ಲನ್ನೆಲ್ಲ ತೆಗೆದು, ಕಾಗದದ ಮೇಲೆ ಬರೆದ ಆಕಾರವನ್ನು ಬ್ಲೇಡಿಗೆ ಅಂಟಿಸಿ, ಗೆರೆಯ ಹತ್ತಿರದವರೆಗೆ ಗ್ರೈಂಡರ್‌ನಲ್ಲಿ ಇಳಿಸಿದೆ. ಉಳಿದದ್ದು ವೈಸ್‌ನಲ್ಲಿ ಹಿಡಿದು ಸಣ್ಣ ಅರದಿಂದ.

ಪಿಕ್ ಸರಿಯಾಗಿಯೇ ಬಂತು. ಬೀಗ ತೆರೆಯಲಿಲ್ಲ.

ಕಾರಣ ಸಿಕ್ಕಿದ್ದು ಕೀಲಿಯನ್ನು ಸುಮ್ನೆ ನೋಡ್ತಾ ಕೂತಿದ್ದಾಗ. ಪಿನ್ ಬೀಗದಲ್ಲಿ ಪ್ರತಿ ರಂಧ್ರದಲ್ಲೂ ಎರಡು ಪಿನ್, ಮೇಲೊಂದು ಸ್ಪ್ರಿಂಗ್. ಎರಡು ಪಿನ್ ಸೇರುವ ಜಾಗ ಸಿಲಿಂಡರ್‌ನ ಅಂಚಿಗೆ ಸರಿಯಾಗಿ ಬಂದಾಗ ಮಾತ್ರ ಸಿಲಿಂಡರ್ ತಿರುಗುತ್ತದೆ. ಲೈನಸ್ ಯೇಲ್ ಜೂನಿಯರ್ 1861ರಲ್ಲಿ ಪೇಟೆಂಟ್ ಪಡೆದ ಬೀಗದ ತತ್ವವೂ ಇದೇ. ಕೀಲಿಯಲ್ಲಿ ಕಚ್ಚು ಆಳವಾಗಿದ್ದರೆ ಅಲ್ಲಿನ ಪಿನ್ ಉದ್ದ, ಅದನ್ನು ಎತ್ತುವ ಅಗತ್ಯ ಕಮ್ಮಿ. ಕಚ್ಚು ಕಮ್ಮಿಯಿದ್ದರೆ ಪಿನ್ ಗಿಡ್ಡ, ಜಾಸ್ತಿ ಎತ್ತಬೇಕು. ನನ್ನ ಕೀಲಿಯಲ್ಲಿ ಮೂರನೇ ಕಚ್ಚು ತುಂಬಾ ಆಳ, ನಾಲ್ಕನೆಯದು ಇಲ್ಲವೇ ಇಲ್ಲ ಅನ್ನುವಷ್ಟು ಕಮ್ಮಿ. ಅಂದರೆ ಉದ್ದದ ಪಿನ್ನಿನ ಕೆಳಗೆ ನುಸುಳಿ ಹೋಗಿ, ಅದರ ಹಿಂದಿರುವ ಗಿಡ್ಡ ಪಿನ್ನನ್ನು ಎತ್ತರಕ್ಕೆ ಏರಿಸಬೇಕು. ನಾನು ನಾಲ್ಕನೆಯದನ್ನು ಎತ್ತುವಾಗಲೆಲ್ಲ ಪಿಕ್‌ನ ಕಡ್ಡಿ ಮೂರನೆಯದನ್ನೂ ಎತ್ತಿ, ಇರಬೇಕಾದ ಜಾಗ ದಾಟಿಸಿಬಿಡುತ್ತಿತ್ತು. ತಪ್ಪು ಕೈಯದ್ದಲ್ಲ, ಆಕಾರದ್ದು!

ತುದಿಯನ್ನು ಮುಟ್ಟಲಿಲ್ಲ. ಕಡ್ಡಿಯ ಮೇಲಂಚನ್ನು ಮಾತ್ರ ಅರದಿಂದ ಇಳಿಸಿದೆ. ಕಡ್ಡಿ ತಗ್ಗಿದಷ್ಟೂ ಕೊಕ್ಕೆ ತಾನಾಗಿ ಎತ್ತರವಾಯಿತು. ಎಷ್ಟು ಇಳಿಸಬೇಕು ಅಂತ ಕೀಲಿಯ ಮೂರನೇ ಮತ್ತು ನಾಲ್ಕನೇ ಕಚ್ಚಿನ ಪಕ್ಕಕ್ಕೇ ಹಿಡಿದು ನೋಡಿಕೊಂಡೆ. ಅದಕ್ಕಿಂತ ಒಳ್ಳೆಯ ಅಳತೆಗೋಲು ಇಲ್ಲ. ಇಳಿಸೋದರಲ್ಲೂ ಒಂದು ಮಿತಿ ಇದೆ. ಕೊಕ್ಕೆಯ ಬುಡದ ತಿರುವಿನಲ್ಲಿ ಚೂಪು ಮೂಲೆ ಉಳಿದರೆ ಅಲ್ಲೇ ಮುರಿಯುತ್ತದೆ. ಗುಂಡು ಅರದಿಂದ ಆ ತಿರುವನ್ನು ದುಂಡಗೆ ಮಾಡಿದೆ.

ಈಗ ನಾನು ಜಾಸ್ತಿ ಹೊತ್ತು ಕೊಡುವ ಕೆಲಸಕ್ಕೆ ಬರುತ್ತೇನೆ. ಎಮರಿ ಪೇಪರ್. ಎಲ್ಲರೂ ಆಕಾರದ ಬಗ್ಗೆಯೇ ಮಾತಾಡ್ತಾರೆ, ಆದರೆ ಬೀಗ ಬೆರಳಿಗೆ ಏನು ಹೇಳುತ್ತದೆ ಅನ್ನೋದು ನುಣುಪಿನ ಮೇಲೇ ನಿಂತಿದೆ. ಪೇಪರಿನ ನಂಬರ್ ಏರಿದಷ್ಟೂ ಅದು ನಯ. ಮೊದಲು 220ರ ಪೇಪರನ್ನು ಗಾಜಿನ ಮೇಲೆ ಹಾಸಿ, ಪಿಕ್‌ನ ಎರಡೂ ಬದಿ ಉಜ್ಜಿ 0.5 ಮಿ.ಮೀ.ಗೆ ತಂದೆ. ಆಮೇಲೆ 400, 600, 1000. ಉಜ್ಜುವುದು ಯಾವಾಗಲೂ ಉದ್ದಕ್ಕೆ. ಅಡ್ಡ ಗೀರು ಉಳಿದರೆ ಒಂದೊಂದು ಗೀರೂ ಪಿನ್ನಿಗೆ ತಾಗುತ್ತದೆ. ಗೀರು ತಾಗಿದ್ದೋ, ಪಿನ್ ತನ್ನ ಸರಿಯಾದ ಎತ್ತರದಲ್ಲಿ ಕೂತದ್ದೋ ಬೆರಳಿಗೆ ತಿಳಿಯುವುದಿಲ್ಲ. ನುಣುಪಾದ ಮೇಲೆ ಅದೇ ಬೀಗದಲ್ಲಿ ಪಿನ್ ಕೂರುವ ಸಣ್ಣ ಸದ್ದು, ಸಿಲಿಂಡರ್ ಕೂದಲೆಳೆಯಷ್ಟು ಜಾರುವುದು, ಎಲ್ಲ ಬೇರೆ ಬೇರೆಯಾಗಿ ಕೈಗೆ ಬಂತು. ಆ ಸಂಜೆ ತುಂಬಾ ಸಂತೋಷಪಟ್ಟೆ. ಹಿಡಿಗೆ ಕಾಯಿಸಿದರೆ ಕುಗ್ಗಿ ಬಿಗಿಯಾಗುವ ಹೀಟ್ ಶ್ರಿಂಕ್ ಟ್ಯೂಬ್ ಎರಡು ಪದರ ಹಾಕಿದ್ದೇನೆ, ಅಷ್ಟೇ ಸಾಕು. ದಪ್ಪ ಹಿಡಿ ಹಾಕಿದರೆ ಆ ಸಣ್ಣ ಸದ್ದು ಅದರಲ್ಲೇ ಮುಳುಗುತ್ತದೆ.

ಸಿಲಿಂಡರನ್ನು ತಿರುಗಿಸುವ ಟೆನ್ಷನ್ ಪಟ್ಟಿ ಮಾಡಿದ್ದು ಕಾರಿನ ವೈಪರ್‌ನೊಳಗಿನ ಸ್ಟೀಲ್ ಪಟ್ಟಿಯಿಂದ. ಕಾಯಿಸದೆ, ಇಕ್ಕಳದಲ್ಲೇ ನಿಧಾನವಾಗಿ ಬಗ್ಗಿಸಿದೆ. ಅದನ್ನು ಕೀಲಿರಂಧ್ರದ ಕೆಳಗೆ ಇಡುವ ಬದಲು ಮೇಲೆ, ಪಿನ್ನುಗಳ ಕಡೆ, ಬಾಯಲ್ಲೇ ಕೂರುವ ಹಾಗೆ ಗಿಡ್ಡ ಮಾಡಿದೆ. ಕೆಳಗೆಲ್ಲ ಪಿಕ್‌ಗೆ ಜಾಗ ಸಿಕ್ಕಿತು.

ಒಂದು ಬೀಗಕ್ಕೆ ಒಂದು ಉಪಕರಣ ಅನ್ನುವುದು ಹೊಸ ಮಾತಲ್ಲ. 1851ರಲ್ಲಿ ಲಂಡನ್ನಿನಲ್ಲಿ ಅಮೆರಿಕದ ಬೀಗ ತಜ್ಞ ಎ. ಸಿ. ಹಾಬ್ಸ್, 1790ರಿಂದ ಯಾರೂ ತೆರೆಯದೆ ಉಳಿದಿದ್ದ ಬ್ರಾಮಾ ಬೀಗವನ್ನು ತೆರೆದರು. ಅದಕ್ಕಾಗಿಯೇ ಉಪಕರಣ ಸಿದ್ಧ ಮಾಡಿಕೊಂಡಿದ್ದರು. ಹಾಗಿದ್ದೂ 16 ದಿನಗಳಲ್ಲಿ ಒಟ್ಟು 51 ಗಂಟೆ ಹಿಡಿಯಿತು.

ನನ್ನ ಬೀಗ ಪಿಕ್ ನುಣುಪು ಮಾಡಿದ ಆ ಸಂಜೆಯೇ ತೆರೆಯಿತು. ನಾಲ್ಕನೇ ಪಿನ್ ಕೊನೆಗೆ ಕೂತಿತು, ಮೂರನೆಯದು ಅಲ್ಲಾಡಲಿಲ್ಲ. ತಕ್ಷಣ ಮುಚ್ಚಿ ಮತ್ತೆ ತೆರೆದೆ, ಮತ್ತೊಮ್ಮೆ ತೆರೆದೆ. ಈಗ ಮೇಜಿನ ಮೇಲೆ ಇನ್ನೊಂದು ಬೀಗ ಇದೆ. ಅದರ ರಂಧ್ರ ಇನ್ನೂ ಇಕ್ಕಟ್ಟು, ಈ ಪಿಕ್ ಒಳಗೆ ಹೋಗುವುದೇ ಕಷ್ಟ. ಸಣ್ಣ ಸಂದು ಅಳೆಯುವ ಫೀಲರ್ ಗೇಜಿನ 0.4 ಮಿ.ಮೀ. ಪಟ್ಟಿಯನ್ನು ವೈಸ್‌ಗೆ ಕಚ್ಚಿಸಿ ಇಟ್ಟಿದ್ದೇನೆ.