ಗುಜರಿಗೆ ಹೋಗಬೇಕಿದ್ದ ಬ್ಯಾಟರಿ ಎದ್ದು ಕೂತಿತು

ತೋರಿಸಿದ ಕಡೆಯಲ್ಲೆಲ್ಲ ಒಂದೇ ಮಾತು: "ಹೋಗಿದೆ ಸಾರ್, ಎಕ್ಸ್‌ಚೇಂಜ್‌ಗೆ ಹಾಕಿ." ದಾವಣಗೆರೆಯಲ್ಲೂ ಅದೇ, ಹೊಳಲ್ಕೆರೆಯಲ್ಲೂ ಅದೇ. 80 ಆಂಪಿಯರ್ ಅವರ್‌ನ ಡೀಸೆಲ್ ಗಾಡಿ ಬ್ಯಾಟರಿ. ಹೊಸದಕ್ಕೆ ಹತ್ತಿರ ಹತ್ತಿರ 7,000 ರೂಪಾಯಿ. ಹಳೆಯದಕ್ಕೆ ಅವರು ಕಟ್ಟಿದ್ದು ಸಾವಿರ ಚಿಲ್ಲರೆ. ಅದೇ ಬ್ಯಾಟರಿಗೆ ಈಗ ಎರಡನೇ ಮಳೆಗಾಲ. ಒಂದೇ ಸೆಲ್ಫ್‌ಗೆ ಗಾಡಿ ಶುರುವಾಗುತ್ತದೆ. ಅವತ್ತು ನಕ್ಕವರು ಈಗ ತಮ್ಮ ಬ್ಯಾಟರಿ ಹೊತ್ತುಕೊಂಡು ನಮ್ಮ ಶೆಡ್ಡಿಗೇ ಬರುತ್ತಾರೆ.

ಮೊದಲು ದುಡ್ಡು ಹೋದ ಕತೆ. ಅಂಗಡಿಯ ಫಾಸ್ಟ್ ಚಾರ್ಜಿಗೆ ಪ್ರತಿ ಸಲ ನೂರೈವತ್ತು ಕೊಟ್ಟೆ. ಅವರು 20 ಆಂಪ್ಸ್ ಕೊಟ್ಟು ಎರಡು ಗಂಟೆಯಲ್ಲಿ ಕೈಗೆ ಕೊಡುತ್ತಾರೆ. ಸಂಜೆ ಮೀಟರಿನಲ್ಲಿ 12.6, ಬೆಳಿಗ್ಗೆ 11.8! ಪ್ಲೇಟಿನ ಮೇಲ್ಮೈ ಮಾತ್ರ ಚಾರ್ಜಾಗಿರುತ್ತದೆ, ಬ್ಯಾಟರಿ ಖಾಲಿ ಬಿದ್ದಿದ್ದಾಗ ಪ್ಲೇಟಿಗೆ ಅಂಟಿ ಗಟ್ಟಿಯಾದ ಸಲ್ಫೇಟ್ ಹರಳು ಒಳಗೆ ಹಾಗೇ ಇರುತ್ತದೆ. ಬ್ಯಾಟರಿ ಕಾದು ನೀರು ಹಾರಿದ್ದಷ್ಟೇ ಲಾಭ. ಆಮೇಲೆ ಒಂದು ಆಟೋಮ್ಯಾಟಿಕ್ ಚಾರ್ಜರ್ ತರಿಸಿದೆ, 2,800 ಇರಬೇಕು. ಬ್ಯಾಟರಿ ವೋಲ್ಟೇಜ್ ತೀರಾ ಇಳಿದಿದ್ದರೆ ಅದು ಬ್ಯಾಟರಿಯೇ ಇಲ್ಲ ಅಂದುಕೊಂಡು ಕೆಂಪು ದೀಪ ಮಿಟುಕಿಸುತ್ತಾ ಕೂರುತ್ತದೆ.

ಕೊನೆಗೆ ಕೈಹಿಡಿದದ್ದು ಹಳೇ ಟ್ರಾನ್ಸ್‌ಫಾರ್ಮರ್ ಚಾರ್ಜರ್, ಸೆಕೆಂಡ್ ಹ್ಯಾಂಡ್, 1,500ಕ್ಕೆ. ಅದರ ಪ್ಲಸ್ ವೈರಿನ ನಡುವೆ 55 ವ್ಯಾಟಿನ ಹೆಡ್‌ಲೈಟ್ ಬಲ್ಬನ್ನು ಸೀರೀಸಿನಲ್ಲಿ ಹಾಕಿದೆ. ಕರೆಂಟು ಎರಡು ಆಂಪ್ಸ್ ಆಸುಪಾಸಿಗೆ ಇಳಿಯಿತು. ಹಾಗೇ ರಾತ್ರಿ ಹಗಲು ಬಿಟ್ಟೆ. ಆಮೇಲೆ ಬಲ್ಬು ತೆಗೆದು ಐದಾರು ಆಂಪ್ಸ್. ಬಲ್ಬನ್ನು ಯಾವ ಹೊತ್ತಿಗೆ ತೆಗೆಯಬೇಕು ಅನ್ನುವುದು ನನ್ನ ಕಣ್ಣಿನ ಲೆಕ್ಕ, ಅದನ್ನು ಇಲ್ಲಿ ಬರೆಯುವುದಿಲ್ಲ. ಬಲ್ಬು ಹಾಕಿ ಕರೆಂಟು ಇಳಿಸುವುದು, ತೆಗೆದು ಏರಿಸುವುದು ಮಾಡುತ್ತಾ ವಾರಕ್ಕೆ ಹತ್ತಿರ ಹಿಡಿಯಿತು. ಗ್ರ್ಯಾವಿಟಿ, ಅಂದರೆ ಚಾರ್ಜಾದಷ್ಟೂ ಏರುವ ಆಸಿಡ್ಡಿನ ಸಾಂದ್ರತೆ, 1.240 ಮುಟ್ಟಿತು. ಕರೆಂಟ್ ಬಿಲ್ಲು, ಡಿಸ್ಟಿಲ್ಡ್ ವಾಟರ್ ಎಲ್ಲ ಸೇರಿ ಇನ್ನೂರು ದಾಟಿರಲಿಕ್ಕಿಲ್ಲ.

ಈ ಚಾರ್ಜರಿಗೆ ತಾನಾಗಿ ನಿಲ್ಲುವ ಬುದ್ಧಿ ಇಲ್ಲ. ನಮ್ಮ ಕಡೆ ಪಂಪ್‌ಸೆಟ್ ಓಡುವಾಗ ವೋಲ್ಟೇಜ್ ಬೀಳುತ್ತದೆ, ನಿಂತಾಗ ಏರುತ್ತದೆ, ಅದರ ಜೊತೆ ಚಾರ್ಜಿಂಗ್ ಕರೆಂಟೂ ಏರುತ್ತದೆ. ಹಾಗಾಗಿ ರಾತ್ರಿ ಎದ್ದು ಬ್ಯಾಟರಿ ಮೈ ಮುಟ್ಟಿ ನೋಡುತ್ತಿದ್ದೆ. ಕೈ ಇಡಲು ಆಗದಷ್ಟು ಬಿಸಿಯಾದರೆ, ಕೊಳೆತ ಮೊಟ್ಟೆ ವಾಸನೆ ಬಂದರೆ, ಗೋಡೆ ಸ್ವಿಚ್ಚೇ ಆಫ್. ಚಾರ್ಜಾಗುವಾಗ ಬರುವ ಹೈಡ್ರೋಜನ್‌ಗೆ ಒಂದು ಕಿಡಿ ಸಾಕು. ಅದಕ್ಕೇ ಶೆಡ್ಡಿನ ಬಾಗಿಲು ತೆಗೆದೇ ಇರುತ್ತದೆ, ಬೀಡಿ ಹಚ್ಚಿದವನಿಗೆ ಒಳಗೆ ಜಾಗವಿಲ್ಲ. ಕ್ಲಿಪ್ ಹಾಕಿದ ಮೇಲೆಯೇ ಸ್ವಿಚ್ ಆನ್. ಸ್ವಿಚ್ ಆಫ್ ಆದ ಮೇಲೆಯೇ ಕ್ಲಿಪ್ಪಿಗೆ ಕೈ. ಎಲ್ಲರಿಗೂ ಗೊತ್ತು ಅಂತಾರೆ, ಆದರೆ ಚಾರ್ಜರ್ ಓಡುತ್ತಿರುವಾಗಲೇ ಕ್ಲಿಪ್ ಕೀಳುವವರನ್ನು ನಾನು ದಿನಾ ನೋಡುತ್ತೇನೆ. ಬ್ಯಾಟರಿ ಗಾಡಿಯಿಂದ ಇಳಿಸಿಯೇ ಮಾಡುವುದು ನನ್ನ ಪದ್ಧತಿ. ನೀರು ಮೊದಲು ಪ್ಲೇಟ್ ಮುಳುಗುವಷ್ಟು ಮಾತ್ರ, ಚಾರ್ಜ್ ಮುಗಿದ ಮೇಲೆ ಗೆರೆವರೆಗೆ. ಆಸಿಡ್ ಮಾತ್ರ ಸುರಿಯಬೇಡಿ.

ನಡುವೆ ಇನ್ನೊಂದು ಹುಚ್ಚು. ಅಡಿಕೆ ತೋಟಕ್ಕೆ ತಂದಿದ್ದ ಮೆಗ್ನೀಷಿಯಂ ಸಲ್ಫೇಟನ್ನು ಕರಗಿಸಿ ಒಂದು ಹಳೇ ಬ್ಯಾಟರಿಗೆ ಹಾಕಿ ನೋಡಿದೆ. ವಿಡಿಯೋಗಳಲ್ಲಿ ಅದಕ್ಕೆ ಭಾರೀ ಹೆಸರು. ನನಗಂತೂ ಏನೂ ಸಿಗಲಿಲ್ಲ, ಸುಮ್ನೆ ಗೊಬ್ಬರ ದಂಡ. ಪಕ್ಕದೂರಿನ ಟ್ರ್ಯಾಕ್ಟರ್ ಬ್ಯಾಟರಿಯೂ ಏಳಲಿಲ್ಲ. ಅದರೊಳಗಿನ ಆರು ಸೆಲ್‌ಗಳಲ್ಲಿ (ಖಾನೆಗಳಲ್ಲಿ) ಐದರ ಗ್ರ್ಯಾವಿಟಿ 1.230ಕ್ಕೆ ಬಂದರೂ ಒಂದು ಮಾತ್ರ 1.120ರಲ್ಲೇ ನಿಂತಿತು. ಆ ಸೆಲ್ ಶಾರ್ಟ್ ಆಗಿದೆ ಅಂತ ಲೆಕ್ಕ, ಯಾವ ಚಾರ್ಜರೂ ಅದನ್ನು ಎಬ್ಬಿಸದು. ಹಾಗಾಗಿ ಈಗ ಯಾರೇ ತಂದರೂ ಮೊದಲು ಗ್ರ್ಯಾವಿಟಿ ಅಳೆಯುವ ಹೈಡ್ರೋಮೀಟರ್ ಇಳಿಸುತ್ತೇನೆ, ಆಮೇಲೆ ದುಡ್ಡಿನ ಮಾತು.

ಮುಚ್ಚಳ ತೆಗೆಯಲು ಬಾರದ ಸೀಲ್ಡ್ ಬ್ಯಾಟರಿಗೆ ಈ ಬಲ್ಬಿನ ಆಟ ಬೇಡ. ಅದರಲ್ಲಿ ಹಾರಿದ ನೀರನ್ನು ಮತ್ತೆ ತುಂಬಲು ದಾರಿಯಿಲ್ಲ. ಅಂಥವಕ್ಕೆ ಆ 2,800ರ ಆಟೋಮ್ಯಾಟಿಕ್ಕೇ ಸರಿ, ಅದನ್ನು ಮಾರಿಲ್ಲ.